ಬಾರ್‌ಕೋಡ್, ಯುಎಚ್‌ಎಫ್, ಎಚ್‌ಎಫ್: ಕಪಾಟಿನ ಮುಂದೆ ನಿಂತು ಕಂಡದ್ದು

ಬೆಳಗಾವಿಯ ವಿಶ್ವವಿದ್ಯಾಲಯವೊಂದರ ಗ್ರಂಥಾಲಯದಲ್ಲಿ ನನ್ನ ಕೆಲಸ. ಪುಸ್ತಕಕ್ಕೆ ಅಂಟಿಸಿದ ಚಿಪ್ ಇರುವ ಚೀಟಿಯನ್ನು, ಅಂದರೆ ಟ್ಯಾಗನ್ನು, ರೇಡಿಯೋ ಅಲೆಗಳಿಂದ ಓದುವ ಆರ್‌ಎಫ್‌ಐಡಿ ಬೇಕೇ, ಬಾರ್‌ಕೋಡ್ ಸಾಕೇ ಎಂದು ಸುತ್ತಲಿನ ಕಾಲೇಜುಗಳ ಗ್ರಂಥಪಾಲಕರು ಕೇಳುತ್ತಲೇ ಇರುತ್ತಾರೆ. ಮಾರಲು ಬಂದವರು ತೋರಿಸುವುದು ಕೌಂಟರಿನ ವೇಗವನ್ನು. ನನಗೆ ಅದು ದೊಡ್ಡ ಮಾತಲ್ಲ; ಕೌಂಟರಿನಲ್ಲಿ ಬಾರ್‌ಕೋಡಿಗೂ ಕೆಲವೇ ಸೆಕೆಂಡು ಸಾಕು. ಗಣಕಯಂತ್ರ ‘ಲಭ್ಯವಿದೆ’ ಎನ್ನುತ್ತದೆ, ಕಪಾಟಿನಲ್ಲಿ ಪುಸ್ತಕ ಇರುವುದಿಲ್ಲ, ಕೇಳಿದವರು ಬರಿಗೈಯಲ್ಲಿ ಹೋಗುತ್ತಾರೆ. ಈ ಸಂಕಟಕ್ಕೆ ಯಾವುದು ಮದ್ದು ಎಂದು ತಿಳಿಯಬೇಕಿತ್ತು. ಅದಕ್ಕಾಗಿ ದಾಸ್ತಾನು ಪರಿಶೀಲನೆಯ ಹೊತ್ತಿನಲ್ಲಿ ಕನ್ನಡ ಸಾಹಿತ್ಯದ ಕಪಾಟುಗಳ ಮೇಲೆ ಬಾರ್‌ಕೋಡ್, ಆರ್‌ಎಫ್‌ಐಡಿಯ ಎರಡು ಬಗೆಗಳಾದ ಯುಎಚ್‌ಎಫ್ (ಅತಿ ಹೆಚ್ಚಿನ ಆವರ್ತನ) ಮತ್ತು ಎಚ್‌ಎಫ್ (ಹೆಚ್ಚಿನ ಆವರ್ತನ), ಈ ಮೂರನ್ನೂ ಬಳಸಿ ನೋಡಿದೆ.

ಬಾರ್‌ಕೋಡ್ ಎಂದರೆ ಒಂದೊಂದೇ ಪುಸ್ತಕ ಎಳೆದು, ರಟ್ಟು ತೆರೆದು, ಚೀಟಿಯ ಮೇಲೆ ಕೆಂಪು ಗೆರೆ ಹಾಯಿಸಿ, ಮತ್ತೆ ಅದೇ ಜಾಗಕ್ಕೆ ಸೇರಿಸುವುದು. ಸುಮಾರು 200 ಪುಸ್ತಕಗಳ ಒಂದು ಕಪಾಟಿಗೆ ಇಬ್ಬರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಆದರೆ ಓದಿದ್ದರಲ್ಲಿ ತಪ್ಪಿರಲಿಲ್ಲ. ಅಲ್ಲದೆ ಪುಸ್ತಕ ಕೈಗೆ ಬಂದಾಗ ಬಿಚ್ಚಿದ ಹೊಲಿಗೆ, ಹುಳು ಕೊರೆದ ತೂತು ಕಣ್ಣಿಗೆ ಬೀಳುತ್ತವೆ. ಇದನ್ನು ಇನ್ನೆರಡು ಉಪಕರಣಗಳು ಹೇಳಲಾರವು.

ಯುಎಚ್‌ಎಫ್ ನಮ್ಮ ದೇಶದಲ್ಲಿ 865 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ, ಹಲವು ಮೀಟರ್ ದೂರದಿಂದ ಟ್ಯಾಗ್ ಓದುತ್ತದೆ. ಮೊದಲ ದಿನ ಬೆರಗಾದೆ, ಎರಡನೆಯ ದಿನ ಬೇಸತ್ತೆ. ನಾನು ಕಾವ್ಯದ ಮುಂದೆ ನಿಂತಿದ್ದರೆ ಅದು ಹಿಂದಿನ ಸಾಲಿನ ಕಾದಂಬರಿಗಳನ್ನೂ ಎಣಿಸುತ್ತಿತ್ತು. ನಮ್ಮವು ಉಕ್ಕಿನ ಕಪಾಟುಗಳು; ಅಲೆಗಳು ಅವುಗಳಿಗೆ ಬಡಿದು ಎತ್ತೆತ್ತಲೋ ಹೋಗುತ್ತವೆ. ಪುಸ್ತಕ ಕಟ್ಟಡದೊಳಗಿದೆ ಎಂದು ಗೊತ್ತಾಯಿತೇ ಹೊರತು ಯಾವ ಅಡ್ಡಹಲಗೆಯ ಮೇಲಿದೆ ಎಂದು ಗೊತ್ತಾಗಲಿಲ್ಲ. ಲೆಕ್ಕಕ್ಕೆ ಬಾರದ ಪುಸ್ತಕ ಹೊರಗೆ ಹೋದರೆ ಕೂಗುವ ಬಾಗಿಲಿನ ಗೇಟಿನಲ್ಲಿಯೂ ತೊಡಕಿತ್ತು: ಮನುಷ್ಯನ ಮೈಯಲ್ಲಿರುವ ನೀರು ಈ ಅಲೆಗಳನ್ನು ಹೀರುತ್ತದೆ, ಪುಸ್ತಕವನ್ನು ಎದೆಗವಚಿಕೊಂಡು ದಾಟಿದರೆ ಗೇಟು ಕೆಲವೊಮ್ಮೆ ಸುಮ್ಮನಿರುತ್ತಿತ್ತು.

ಎಚ್‌ಎಫ್ 13.56 ಮೆಗಾಹರ್ಟ್ಸ್‌ನದು. ಅದರ ಕೈರೀಡರ್ ಗೇಣಿನಷ್ಟು ದೂರದಿಂದ ಮಾತ್ರ ಓದುತ್ತದೆ. ಕೊರತೆಯಂತೆ ಕಾಣುವ ಈ ಗುಣವೇ ನನ್ನ ಕೆಲಸಕ್ಕೆ ಒದಗಿ ಬಂತು. ಗ್ರಂಥಾಲಯದ ಲೆಕ್ಕ ಇಡುವ ಕೋಹಾ ತಂತ್ರಾಂಶದಿಂದ ‘ಸಿಗದವು’ ಎಂಬ ಪಟ್ಟಿಯನ್ನು ರೀಡರಿಗೆ ಹಾಕಿಕೊಂಡು, ಪುಸ್ತಕಗಳ ಬೆನ್ನಿಗೆ ತಾಗಿದಂತೆ ಅದನ್ನು ಆಡಿಸುತ್ತ ನಡೆದೆ. ಕನ್ನಡ ಸಾಹಿತ್ಯ ಮುಗಿದ ಮೇಲೆ ಸುಮ್ಮನೆ ಮರಾಠಿಯ ಸಾಲಿಗೂ ಹೋದೆ. ಅಲ್ಲಿ ರೀಡರ್ ಕೀಚ್ ಎಂದಿತು. ಪುಸ್ತಕಗಳನ್ನು ವಿಷಯವಾರು ಅಂಕಿ ಕೊಟ್ಟು ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯ 894.814, ಮರಾಠಿ 891.46. ಬೆನ್ನಿನ ಚೀಟಿಯ ಅಂಕಿಗಳು ಮಾಸಿಹೋಗಿದ್ದ ತೆಳ್ಳನೆಯ ಕವನ ಸಂಕಲನವೊಂದನ್ನು ಯಾರೋ ಅಲ್ಲಿ ಸೇರಿಸಿಬಿಟ್ಟಿದ್ದರು. ಮೂರು ವರ್ಷದಿಂದ ಅದು ‘ಕಳೆದಿದೆ’ ಎಂಬ ಲೆಕ್ಕದಲ್ಲಿತ್ತು. ಅದನ್ನು ಕೇಳಿಕೊಂಡು ನಾಲ್ಕು ಸಲ ಬಂದಿದ್ದ ಸಂಶೋಧನಾ ವಿದ್ಯಾರ್ಥಿನಿ ಅಷ್ಟರಲ್ಲಿ ಮಹಾಪ್ರಬಂಧ ಒಪ್ಪಿಸಿ ಊರಿಗೆ ಹೋಗಿದ್ದರು. ಪುಸ್ತಕ ಹಿಡಿದು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.

ಎಚ್‌ಎಫ್‌ಗೂ ಒಂದು ತೊಂದರೆಯಿದೆ. ನಲವತ್ತು ಐವತ್ತು ಪುಟದ ಪುಸ್ತಿಕೆಗಳು ಒತ್ತಾಗಿ ನಿಂತು, ಟ್ಯಾಗ್‌ಗಳು ಒಂದರ ಮೇಲೊಂದು ಸರಿಯಾಗಿ ಕೂತರೆ ಪರಸ್ಪರ ಅಡ್ಡಿಯಾಗಿ ಕೆಲವು ಓದಲು ಸಿಗುವುದಿಲ್ಲ. ಕನ್ನಡದ ಕವನ, ನಾಟಕಗಳಲ್ಲಿ ಇಂಥವೇ ಹೆಚ್ಚು. ನಾವೀಗ ಟ್ಯಾಗನ್ನು ಮೇಲೆ, ನಡುವೆ, ಕೆಳಗೆ ಎಂದು ಸರದಿಯಂತೆ ಬೇರೆ ಬೇರೆ ಎತ್ತರದಲ್ಲಿ ಅಂಟಿಸುತ್ತಿದ್ದೇವೆ. ತೊಂದರೆ ಬಹುಪಾಲು ಹೋಯಿತು.

ನನ್ನ ಆಯ್ಕೆ ಎಚ್‌ಎಫ್. ಹಾಗೆಂದು ಬಾರ್‌ಕೋಡ್ ಕೀಳಬೇಡಿ. ಟ್ಯಾಗ್ ಕೆಟ್ಟ ದಿನ ಅದೇ ಆಸರೆ. ಹಣ ಸಾಲದಿದ್ದರೆ ಹೆಚ್ಚು ಓಡಾಡುವ ವಿಭಾಗಗಳಿಗೆ ಮೊದಲು ಟ್ಯಾಗ್ ಅಂಟಿಸಿ. ಕೊಳ್ಳುವ ಮುನ್ನ ಟ್ಯಾಗಿನ ದತ್ತಾಂಶ ಗ್ರಂಥಾಲಯದ ಟ್ಯಾಗ್‌ಗಳಿಗೆಂದೇ ಇರುವ ಅಂತರರಾಷ್ಟ್ರೀಯ ಐಎಸ್ಒ 28560 ಮಾನಕದಂತೆ ಇದೆಯೇ ಎಂದು ಕೇಳಿ. ಇಲ್ಲವಾದರೆ ನಾಳೆ ಬೇರೆಯವರ ರೀಡರ್ ಅದನ್ನು ಓದದೆ, ಸಾವಿರಾರು ಪುಸ್ತಕಗಳನ್ನು ಮತ್ತೆ ಕಪಾಟಿನಿಂದ ಇಳಿಸಬೇಕಾದೀತು.

ಪುಸ್ತಕ ಹುಡುಕುವ ಈ ಉಪಕರಣಗಳ ಜೊತೆಗೆ, ಪುಸ್ತಕ ಕಾಯಲು ನೆರವಾಗುವ ತೇವಾಂಶದ ಸೆನ್ಸರನ್ನೂ ಒಂದು ಮಳೆಗಾಲದಲ್ಲಿ ಪರೀಕ್ಷಿಸಿದೆ. ಗೋಡೆಯ ಮಾಪಕವನ್ನು ಬೆಳಿಗ್ಗೆ 10ಕ್ಕೆ, ಸಂಜೆ 5ಕ್ಕೆ ನೋಡಿ ವಹಿಯಲ್ಲಿ ಬರೆಯುವುದು ನಮ್ಮ ಹಳೆಯ ರೂಢಿ. ವಹಿಯ ಪ್ರಕಾರ ಎಲ್ಲವೂ ಸರಿಯಾಗಿತ್ತು, ಆದರೂ ಹಳೆಯ ನಿಯತಕಾಲಿಕೆಗಳ ಮೂಲೆಯಲ್ಲಿ ಬೂಷ್ಟು ಹಿಡಿಯುತ್ತಿತ್ತು. ವೈಫೈ ಸೆನ್ಸರ್ ಹತ್ತು ನಿಮಿಷಕ್ಕೊಮ್ಮೆ ದಾಖಲಿಸತೊಡಗಿದ ಮೇಲೆ ಕಾರಣ ತಿಳಿಯಿತು: ಸಂಜೆ ಫ್ಯಾನು ಆರಿಸಿ ಬೀಗ ಹಾಕಿದ ಮೇಲೆ ಆ ಮೂಲೆಯ ತೇವ ಏರುತ್ತ ಹೋಗಿ ಬೆಳಗಿನ ಜಾವದವರೆಗೂ ಇಳಿಯುತ್ತಿರಲಿಲ್ಲ. ನಾವು ಬಾಗಿಲು ತೆರೆದು ಫ್ಯಾನು ಹಾಕಿ, ಮಾಪಕದ ಮುಂದೆ ನಿಲ್ಲುವ ಹೊತ್ತಿಗೆ ಇಳಿದಿರುತ್ತಿತ್ತು. ಈಗ ಆ ಕಪಾಟುಗಳನ್ನು ಗೋಡೆಯಿಂದ ಒಂದಡಿ ಈಚೆಗೆ ಎಳೆದಿದ್ದೇವೆ, ರಾತ್ರಿಯಿಡೀ ಅಲ್ಲೊಂದು ಎಗ್ಸಾಸ್ಟ್ ಫ್ಯಾನು ತಿರುಗುತ್ತಿರುತ್ತದೆ.