ಬ್ರಿಡ್ಜ್ ಬಿಡ್ಡಿಂಗ್ ಬಾಕ್ಸ್: ಕೆಲವು ಮಳೆಗಾಲ ಬಳಸಿದ ಮೇಲೆ

ಚಿಕ್ಕಮಗಳೂರಿನಲ್ಲಿ ನಮ್ಮದೊಂದು ಸಣ್ಣ ಬ್ರಿಡ್ಜ್ ಗುಂಪಿದೆ; ಬ್ರಿಡ್ಜ್ ಅಂದರೆ ಇಬ್ಬಿಬ್ಬರ ಎರಡು ಜೋಡಿ ಎದುರಾಗಿ ಆಡುವ ಎಲೆ ಆಟ. ಭಾನುವಾರ ಊಟ ಮುಗಿಸಿ ಸೇರುತ್ತೇವೆ, ತೋಟಕ್ಕೆ ಕಾಲಿಡೋಕೂ ಆಗದಂಥ ಮಳೆ ಹಿಡಿದರೆ ವಾರದ ಮಧ್ಯದಲ್ಲೂ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬ್‌ನಾಥ್ ಡೇ ಸರ್ಕಾರ್ ಜೋಡಿ ಚಿನ್ನ ಗೆದ್ದ ಮೇಲೆ ನಾವೂ ನಿಯಮ ಹಿಡಿದು ಆಡೋಣ ಅಂತ ಬಾಯಲ್ಲಿ ಕೂಗುವ ಬದಲು ಕಾರ್ಡ್ ಇಟ್ಟು ತೋರಿಸುವ ಈ ನಾಲ್ಕು ಬಿಡ್ಡಿಂಗ್ ಡಬ್ಬಿಯ ಸೆಟ್ ತರಿಸಿದೆವು. ಒಳಗೆ ಏನೇನು ಕಾರ್ಡ್ ಇರುತ್ತವೆ ಅಂತ ಆಡೋರಿಗೆಲ್ಲ ಗೊತ್ತು, ಅದು ಬೇಡ.

ಮೊದಲು ಬಾಯಲ್ಲೇ ಬಿಡ್ ಹೇಳುತ್ತಿದ್ದೆವು, ಅಂದರೆ ಯಾವುದು ತುರುಪು, ಎಷ್ಟು ಗೆಲ್ಲುತ್ತೇವೆ ಅಂತ ಎಲೆ ಇಳಿಸುವ ಮುಂಚೆ ಕೂಗುವ ಹರಾಜು. "ಎರಡು ಆಟೀನ್" ಅಂತ ಒತ್ತಿ ಹೇಳಿದರೆ ಕೈ ಗಟ್ಟಿ, ಎಳೆದು ಹೇಳಿದರೆ ಅನುಮಾನ, ಅಷ್ಟರಲ್ಲೇ ಜೊತೆಗಾರರಿಗೆ ಎಲ್ಲಾ ತಿಳಿದುಬಿಡುತ್ತಿತ್ತು. ಈಗ ಆ ಕಾಟ ಇಲ್ಲ. ಬೇಕಾದ ಬಿಡ್‌ಗೆ ಹೆಬ್ಬೆರಳು ಕೊಟ್ಟು, ಹಿಂದಿನ ಕಾರ್ಡುಗಳ ಸಮೇತ ಎತ್ತಿ ಮೇಜಿನ ಮೇಲೆ ಇಡೋದು, ಮುಂದಿನದನ್ನು ಅದರ ಪಕ್ಕಕ್ಕೆ ಸ್ವಲ್ಪ ಮೇಲೆ ಬರುವ ಹಾಗೆ ಜೋಡಿಸೋದು. ಯಾರು ಏನು ಹೇಳಿದರು ಅಂತ ಮತ್ತೆ ಕೇಳೋದೇ ಬೇಡ, ಕಣ್ಣೆದುರೇ ಇರುತ್ತೆ. ಆಟ ಮುಗಿದ ಮೇಲೆ ಒಣ ಬಟ್ಟೆಯಲ್ಲಿ ಕಾರ್ಡ್ ಒರೆಸಿ ಡಬ್ಬಿಗೆ ಸೇರಿಸುವ ಕೆಲಸ ನನ್ನದೇ, ನನಗದು ಇಷ್ಟ. ಜುಲೈ ಥಂಡಿಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಒರೆಸದಿದ್ದರೆ ಎರಡು ಕಾರ್ಡ್ ಒಟ್ಟಿಗೆ ಬರುತ್ತವೆ.

ಆದರೆ ಇಡೀ ಸೆಟ್‌ನಲ್ಲಿ ನನಗೆ ತುಂಬ ಇಷ್ಟವಾದದ್ದು ಅಲರ್ಟ್ ಕಾರ್ಡ್. ನಾನು ಒಂದು ನೋ ಟ್ರಂಪ್ (ತುರುಪು ಇಲ್ಲದ ಆಟ) ಅಂದ ಮೇಲೆ ಜೊತೆಗಾರ ಎರಡು ಡೈಮಂಡ್ ಇಟ್ಟರೆ ಅವನ ಹತ್ತಿರ ಡೈಮಂಡ್ ಇದೆ ಅಂತಲ್ಲ, ಆಟೀನ್ ಐದಾದರೂ ಇದೆ ಅಂತ. ಇದು ನಮ್ಮಿಬ್ಬರಿಗೆ ಮಾತ್ರ ಗೊತ್ತಿದ್ದರೆ ಅದು ಆಟ ಅಲ್ಲ, ಮೋಸ. ನಾನು ಅಲರ್ಟ್ ಕಾರ್ಡ್ ತೋರಿಸಬೇಕು, ಎದುರಾಳಿ ಕೇಳಿದರೆ ಬಿಡಿಸಿ ಹೇಳಬೇಕು. ಅವನ ಕೈಯಲ್ಲಿ ಏನಿದೆ ಅಂತ ಊಹಿಸಿ ಹೇಳೋದಲ್ಲ, ನಮ್ಮ ಒಪ್ಪಂದ ಏನು ಅಂತ. ನಾನು ತಪ್ಪು ಹೇಳಿದರೆ ಜೊತೆಗಾರ ಆಗ ಮುಖ ಕೂಡ ಸಿಂಡರಿಸುವ ಹಾಗಿಲ್ಲ. ಹರಾಜು ಗೆದ್ದು ಆಟ ನಮ್ಮದಾದರೆ ಬಿಡ್ಡಿಂಗ್ ಮುಗಿದು ಮೊದಲ ಎಲೆ ಬೀಳುವ ಮುಂಚೆ ಅವನೇ ತಿದ್ದಬೇಕು, ನಾವು ತಡೆಯುವ ಕಡೆ ಇದ್ದರೆ ಇಡೀ ಆಟ ಮುಗಿಯುವ ತನಕ ಕಾಯಬೇಕು. ಎಷ್ಟು ಚೆಂದದ ನಿಯಮ, ಅಲ್ವಾ? ಹಾಗಂತ ಬಿಡ್‌ನಲ್ಲಿ ಸುಳ್ಳೇ ಹೇಳಬಾರದು ಅಂತೇನಿಲ್ಲ. ಇಲ್ಲದ ಸ್ಪೇಡ್ ಇದೆ ಅಂತ ಒಮ್ಮೊಮ್ಮೆ ತೋರಿಸಬಹುದು, ಎದುರಾಳಿಯಷ್ಟೇ ಜೊತೆಗಾರನೂ ಮೋಸ ಹೋಗಬೇಕು ಅಷ್ಟೇ.

ಬೇಜಾರಾಗಿದ್ದು ಬೆರಳಿನ ವಿಷಯದಲ್ಲಿ. ಬಾಯಿ ಮುಚ್ಚಿಸಿದ ಈ ಡಬ್ಬಿ ಬೆರಳಿಗೆ ಹೊಸ ಬಾಯಿ ಕೊಟ್ಟಿದೆ. ನಮ್ಮಲ್ಲೊಬ್ಬರ ಕೈ ಎದುರಾಳಿಯ ಬಿಡ್‌ಗೆ ಸವಾಲು ಹಾಕುವ ಡಬಲ್ ಕಾರ್ಡಿನ ಮೇಲೆ ಹೋಗುತ್ತೆ, ಅಲ್ಲೇ ನಿಲ್ಲುತ್ತೆ, ಆಮೇಲೆ ಪಾಸ್ ಕಡೆ ಬರುತ್ತೆ. ಅಷ್ಟು ಸಾಕು, ಅವರ ಜೊತೆಗಾರರಿಗೆ ಇದ್ದಕ್ಕಿದ್ದಂತೆ ಧೈರ್ಯ ಬರುತ್ತೆ. ಜೊತೆಗಾರನ ತಡವರಿಕೆಯಿಂದ ಸಿಕ್ಕ ಸುಳಿವನ್ನು ಬಳಸುವ ಹಾಗಿಲ್ಲ, ಎದುರಾಳಿಯನ್ನು ದಾರಿ ತಪ್ಪಿಸೋಕೆ ಬೇಕಂತಲೇ ತಡ ಮಾಡುವ ಹಾಗೂ ಇಲ್ಲ, ಎರಡೂ ಬ್ರಿಡ್ಜ್ ಕಾನೂನಿನಲ್ಲೇ ಇವೆ. ಹೇಳಿದರೆ "ಸುಮ್ನೆ ಟೈಂಪಾಸ್ ಆಟಕ್ಕೆ ಯಾಕಿಷ್ಟು" ಅಂತಾರೆ. ಟೈಂಪಾಸ್ ಆದರೂ ಎದುರಿಗೆ ಕೂತವರೂ ಮನುಷ್ಯರೇ. ಈ ಮಾತಿಗೆ ನನಗೆ ನಿಜವಾಗಿ ಸಿಟ್ಟು ಬರುತ್ತೆ.

ಸ್ಟಾಪ್ ಕಾರ್ಡ್ ಇದಕ್ಕೆ ಸ್ವಲ್ಪ ಮದ್ದು. ಯಾರಾದರೂ ಈ ಕಾರ್ಡ್ ತೋರಿಸಿ, ಬೇಕಾದ್ದಕ್ಕಿಂತ ಮೇಲಿನ ಮಟ್ಟಕ್ಕೆ ಹಾರಿ ಬಿಡ್ ಮಾಡಿದಾಗ ಮುಂದಿನವರು ಸುಮಾರು 10 ಸೆಕೆಂಡ್ ಕಾಯಲೇಬೇಕು, ಹಾಗಾಗಿ ಆ ಕಾಯುವಿಕೆಯಿಂದ ಏನೂ ಗೊತ್ತಾಗೋದಿಲ್ಲ. ಇದನ್ನಾದರೂ ಎಲ್ಲರೂ ಪಾಲಿಸುತ್ತಿದ್ದಾರೆ, ಸಮಾಧಾನ.

ದುಡ್ಡಿಗೆ ಮೋಸ ಇಲ್ಲ. ಮೇಜಿಗೆ ಸಿಕ್ಕಿಸುವ ಕ್ಲಿಪ್ ಮಾತ್ರ ಕಳಪೆ, ದಪ್ಪ ಹಲಗೆಯ ಹಳೇ ಮೇಜಿಗೆ ಕೂರೋದಿಲ್ಲ. ಅಂಥ ಮೇಜಿದ್ದರೆ ಮೇಲೆ ನಿಲ್ಲಿಸುವ ಮಾದರಿ ತಗೊಳ್ಳಿ. ಕಾಗದದ ಕಾರ್ಡ್ ಬರುವ ಅಗ್ಗದ ಸೆಟ್ ನಮ್ಮ ಕಡೆ ಮಳೆಗೆ ಬೇಡವೇ ಬೇಡ.