ಹಿಂದಿದ್ದವರದೇ ತಪ್ಪೆಂಬ ಮಾತಿಗೆ ಉತ್ತರವಾದ ಡ್ಯಾಶ್‌ಕ್ಯಾಮ್: ಒಂದು ವರ್ಷದ ಬಳಕೆಯ ಅನುಭವ

ಕಳೆದ ಜನವರಿಯ ಒಂದು ಶನಿವಾರ, ಮಡಿಕೇರಿಯಲ್ಲಿ ರಾಜಾಸೀಟ್ ಕಡೆಗೆ ಏರುವ ರಸ್ತೆಯಲ್ಲಿ ವಾಹನಗಳು ಸಾಲುಗಟ್ಟಿ ನಿಂತಿದ್ದವು. ನನ್ನ ಕಾರಿನ ಮುಂದೆ ಕಾಫಿ ಚೀಲಗಳನ್ನು ಹೇರಿಕೊಂಡಿದ್ದ ಮಿನಿ ಲಾರಿಯೊಂದಿತ್ತು. ಸಾಲು ಸ್ವಲ್ಪ ಸರಿದಾಗ ಲಾರಿ ಮುಂದೆ ಹೋಗುವ ಬದಲು ಹಿಂದಕ್ಕೆ ಜಾರಿ ಬಂದು ನನ್ನ ಕಾರಿಗೆ ಗುದ್ದಿತು. ಬಂಪರ್ ಸೀಳಿ, ಬಾನೆಟ್ಟಿನ ತುದಿ ಮಡಚಿಕೊಂಡಿತು. ಚಾಲಕ ಇಳಿದು ಬಂದವನೇ, ಹಿಂದಿನಿಂದ ಬಂದು ಗುದ್ದಿದ್ದು ನಾನೇ ಎಂದು ವಾದಿಸತೊಡಗಿದ. ಸುತ್ತ ಸೇರಿದ ಜನರಲ್ಲಿ ಹೆಚ್ಚಿನವರು ಅವನ ಮಾತನ್ನೇ ನಂಬಿದರು. ಅವರನ್ನು ದೂರುವಂತಿಲ್ಲ, ಏಕೆಂದರೆ ಸದ್ದು ಕೇಳಿ ತಿರುಗಿ ನೋಡಿದವರಿಗೆ ಕಂಡದ್ದು ಲಾರಿಯ ಬೆನ್ನಿಗೆ ಅಂಟಿಕೊಂಡು ನಿಂತ ಒಂದು ಕಾರು ಮಾತ್ರ.

ಹಿಂದಿನ ದೀಪಾವಳಿಯ ಹೊತ್ತಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಂಟೂವರೆ ಸಾವಿರ ರೂಪಾಯಿ ಕೊಟ್ಟು ತಂದು ಹಾಕಿಸಿದ್ದ ಡ್ಯಾಶ್‌ಕ್ಯಾಮ್ ಅಂದು ಕೆಲಸಕ್ಕೆ ಬಂತು. ಮುಂದಿನ ಗಾಜಿಗೆ 1440ಪಿ, ಹಿಂದಿನ ಗಾಜಿಗೆ 1080ಪಿ ಸ್ಪಷ್ಟತೆಯದು, ಹೀಗೆ ಎರಡು ಕ್ಯಾಮೆರಾಗಳಿರುವ ಮಾದರಿ ಇದು. ಮೂರು ಮೂರು ನಿಮಿಷದ ತುಣುಕುಗಳಾಗಿ ಮುದ್ರಿಸುತ್ತ, ಕಾರ್ಡು ತುಂಬಿದಂತೆ ಹಳೆಯದನ್ನು ತಾನೇ ಅಳಿಸುತ್ತ ಹೋಗುತ್ತದೆ. ಹೊಡೆತ ಬಿದ್ದರೆ ಆ ತುಣುಕನ್ನು ಅಳಿಯದಂತೆ ಬೀಗ ಹಾಕಿ ಇಡುತ್ತದೆ. ಈ ಬೀಗದ ವ್ಯವಸ್ಥೆ ಅಂದು ತಪ್ಪದೆ ಕೆಲಸ ಮಾಡಿತು. 64 ಜಿಬಿ ಕಾರ್ಡಿನಲ್ಲಿ ಎರಡೂ ಕ್ಯಾಮೆರಾ ಸೇರಿ ನಾಲ್ಕೈದು ಗಂಟೆಗಳ ದೃಶ್ಯವಷ್ಟೇ ಹಿಡಿಸುವುದರಿಂದ, ಬೀಗ ಬೀಳದಿದ್ದರೆ ಊರಿಗೆ ಮರಳುವಷ್ಟರಲ್ಲಿ ಸಾಕ್ಷಿ ಅಳಿದುಹೋಗುತ್ತಿತ್ತು.

ಆ ತುಣುಕನ್ನು ನಾನು ಇಪ್ಪತ್ತು ಸಲವಾದರೂ ನೋಡಿದ್ದೇನೆ. ಎಡಗಡೆ ಸುಣ್ಣ ಬಳಿದ ಒಂದು ತಡೆಗೋಡೆ, ಅದಕ್ಕೆ ತಾಗಿದಂತೆ ಒಂದು ವಿದ್ಯುತ್ ಕಂಬ. ಲಾರಿಯ ಎರಡೂ ಬ್ರೇಕ್ ದೀಪಗಳು ಉರಿಯುತ್ತಿವೆ. ಅವು ಆರುತ್ತವೆ; ಒಂದು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ಹಿಂಬದಿಯ ಹಲಗೆಯ ಮೇಲೆ ಬರೆದಿದ್ದ ‘ಸೌಂಡ್ ಹಾರ್ನ್’ ಎಂಬ ಅಕ್ಷರಗಳು ದೊಡ್ಡದಾಗುತ್ತ ಬರುತ್ತವೆ, ಆದರೆ ಕಂಬವಾಗಲಿ ಗೋಡೆಯಾಗಲಿ ಚಿತ್ರದಲ್ಲಿ ಒಂದಿಷ್ಟೂ ಕದಲುವುದಿಲ್ಲ. ನನ್ನ ಕಾರು ಚಲಿಸಿದ್ದರೆ ಕಂಬವೂ ಚಿತ್ರದ ಅಂಚಿನ ಕಡೆಗೆ ಸರಿಯಲೇಬೇಕಿತ್ತು. ನಾನು ಎರಡು ಸಲ ಹಾರ್ನ್ ಒತ್ತಿದ್ದೂ ಧ್ವನಿಮುದ್ರಣದಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಠಾಣೆಯಲ್ಲಿ ಪೊಲೀಸರು ಹಾಗೂ ಲಾರಿಯ ಮಾಲೀಕರು ಇದನ್ನು ಒಟ್ಟಿಗೆ ನೋಡಿದರು. ಮಾಲೀಕರು ಎರಡನೆಯ ಸಲ ನೋಡಿದ ಮೇಲೆ ವಾದ ನಿಲ್ಲಿಸಿ, ದುರಸ್ತಿಯ ಹದಿನಾಲ್ಕು ಸಾವಿರ ರೂಪಾಯಿಯನ್ನು ತಾವೇ ಭರಿಸುವುದಾಗಿ ಬರೆದುಕೊಟ್ಟರು, ಕೊಟ್ಟರು ಕೂಡ. ನನ್ನ ವಿಮೆಯಿಂದ ಆ ಹಣ ಪಡೆದಿದ್ದರೆ, ತಪ್ಪು ನನ್ನದಲ್ಲದಿದ್ದರೂ ನನ್ನ ನೋ ಕ್ಲೇಮ್ ಬೋನಸ್, ಅಂದರೆ ವಿಮಾ ಕಂತಿನಲ್ಲಿ ಸಿಗುವ ರಿಯಾಯಿತಿ, ಹೋಗುತ್ತಿತ್ತು. ಆ ಬೋನಸ್ ಕೊಡುವುದು ಕ್ಲೇಮ್ ಮಾಡದ ವರ್ಷಗಳಿಗೇ ಹೊರತು ತಪ್ಪು ಮಾಡದ ಚಾಲಕರಿಗಲ್ಲ ಎಂಬುದು ಬಹಳ ಜನರಿಗೆ ತಿಳಿದಿಲ್ಲ.

ಹಾಗೆಂದು ಕ್ಯಾಮೆರಾ ತಪ್ಪು ಯಾರದೆಂದು ತೀರ್ಮಾನಿಸುತ್ತದೆ ಎಂದು ತಿಳಿಯಬಾರದು. ಹಿಂದಿನಿಂದ ಗುದ್ದಿದವರದೇ ತಪ್ಪು ಎಂಬುದು ಬರಿಯ ಜನರ ಮಾತಲ್ಲ, ಅದಕ್ಕೆ ನ್ಯಾಯಾಲಯದ ಬಲವೂ ಇದೆ. ಮುಂದೆ ಹೋಗುತ್ತಿದ್ದ ಟ್ರಕ್ ತಟ್ಟನೆ ಬ್ರೇಕ್ ಹಾಕಿದ್ದರಿಂದ ಅಪಘಾತವಾಯಿತೆಂಬ ವಾದವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಎರಡು ವಾಹನಗಳ ನಡುವೆ 10-15 ಅಡಿ ಮಾತ್ರ ಅಂತರವಿತ್ತೆಂಬುದನ್ನು ಗಮನಿಸಿ, ಸಾಕಷ್ಟು ಅಂತರ ಕಾಯ್ದುಕೊಳ್ಳಬೇಕಾದದ್ದು ಹಿಂದಿನ ಚಾಲಕನ ಹೊಣೆ ಎಂದಿತು. ಆದರೆ 2025ರಲ್ಲಿ ಅದೇ ನ್ಯಾಯಾಲಯ ಕೊಯಮತ್ತೂರಿನ ಪ್ರಕರಣವೊಂದರಲ್ಲಿ, ಹೆದ್ದಾರಿಯಲ್ಲಿ ಯಾವ ಸೂಚನೆಯನ್ನೂ ಕೊಡದೆ ಹಠಾತ್ತನೆ ಕಾರು ನಿಲ್ಲಿಸಿದವರ ಮೇಲೆ ಶೇ 50ರಷ್ಟು, ಹಿಂದಿನಿಂದ ಬಂದ ಬಸ್ಸಿನ ಮೇಲೆ ಶೇ 30ರಷ್ಟು, ಕಾರಿಗೆ ಗುದ್ದಿ ಬಿದ್ದು ಕಾಲು ಕಳೆದುಕೊಂಡ ಬೈಕ್ ಸವಾರನ ಮೇಲೆ ಶೇ 20ರಷ್ಟು ಹೊಣೆಯನ್ನು ಹಂಚಿತು. ತಪ್ಪು ಹೀಗೆ ಪಾಲಾಗುತ್ತದೆ, ಗಾಯಗೊಂಡವರ ಪರಿಹಾರದಲ್ಲಿ ಅವರ ಪಾಲಿನಷ್ಟು ಕಡಿತವೂ ಆಗುತ್ತದೆ. ಸಾವು ಅಥವಾ ತೀವ್ರ ಗಾಯವಾದಾಗ ಮೋಟಾರು ವಾಹನ ಕಾಯ್ದೆಯ 164ನೇ ಸೆಕ್ಷನ್ ಅಡಿ ತಪ್ಪನ್ನು ಸಾಬೀತುಪಡಿಸದೆಯೇ ಕ್ರಮವಾಗಿ 5 ಲಕ್ಷ ಹಾಗೂ 2.5 ಲಕ್ಷ ರೂಪಾಯಿ ಪಡೆಯಬಹುದು; ಅದಕ್ಕಿಂತ ಹೆಚ್ಚಿನ ಪರಿಹಾರಕ್ಕಾಗಿ 166ನೇ ಸೆಕ್ಷನ್ ಅಡಿ ಹೋದರೆ, ಯಾರ ನಿರ್ಲಕ್ಷ್ಯ ಎಷ್ಟು ಎಂಬ ಪ್ರಶ್ನೆ ಎದುರಾಗಿಯೇ ಆಗುತ್ತದೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡಬೇಕಾದ ಆ ಹಂತದಲ್ಲಿ ಬ್ರೇಕ್ ದೀಪ ಯಾವಾಗ ಆರಿತು, ಇಂಡಿಕೇಟರ್ ಹಾಕಿದ್ದರೇ, ನಡುವೆ ಎಷ್ಟು ಜಾಗವಿತ್ತು ಎಂಬ ಸಣ್ಣ ಸಂಗತಿಗಳಿಗೇ ಬೆಲೆ.

ಅದೇ ದೃಶ್ಯ ನನ್ನ ಲೋಪವನ್ನೂ ತೋರಿಸಿತು. ಭಾರ ಹೇರಿದ ಲಾರಿಯ ಹಿಂದೆ, ಅದೂ ಏರಿನಲ್ಲಿ, ನಾನು ಒಂದು ಮಾರಿನಷ್ಟೂ ಜಾಗ ಬಿಟ್ಟಿರಲಿಲ್ಲ. ಹೆಚ್ಚು ಬಿಟ್ಟಿದ್ದರೆ ಚಾಲಕ ಮತ್ತೆ ಬ್ರೇಕ್ ಒತ್ತುವಷ್ಟು ಸಮಯ ಸಿಗುತ್ತಿತ್ತು ಎಂದು ಠಾಣೆಯ ಅಧಿಕಾರಿ ಹೇಳಿದ್ದು ನ್ಯಾಯವಾಗಿತ್ತು. ಈ ಉಪಕರಣ ಕೊಳ್ಳುವವರು ಅದು ತಮ್ಮ ವಿರುದ್ಧವೂ ಸಾಕ್ಷಿ ನುಡಿಯುತ್ತದೆ ಎಂಬುದನ್ನು ಒಪ್ಪಿಕೊಂಡೇ ಕೊಳ್ಳಬೇಕು.

ಇನ್ನು ಕುಂದುಗಳು. ಮೊದಲನೆಯದು ಗಡಿಯಾರ. ಸೇವಾ ಕೇಂದ್ರದಲ್ಲಿ ಕಾರಿನ ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಡ್ಯಾಶ್‌ಕ್ಯಾಮಿನ ದಿನಾಂಕ ಸದ್ದಿಲ್ಲದೆ ಹಳೆಯ ವರ್ಷಕ್ಕೆ ಮರಳಿತ್ತು, ನಾನು ಗಮನಿಸಿರಲಿಲ್ಲ. ಠಾಣೆಯಲ್ಲಿ ಎದ್ದ ಮೊದಲ ಆಕ್ಷೇಪವೇ ಇದು. ಸ್ಥಳದಲ್ಲಿ ಫೋನಿನಿಂದ ತೆಗೆದ ಚಿತ್ರಗಳ ಸಮಯ ತೋರಿಸಿದ ಮೇಲಷ್ಟೇ ಅದು ಬಗೆಹರಿಯಿತು. ಈ ಮಾದರಿಯಲ್ಲಿ ಜಿಪಿಎಸ್ ಇಲ್ಲದಿರುವುದು ದೊಡ್ಡ ಕೊರತೆ, ಇದ್ದಿದ್ದರೆ ಕಾರಿನ ವೇಗವೂ ದಾಖಲಾಗುತ್ತಿತ್ತು. ರಾತ್ರಿ ಎದುರಿನ ದೀಪದ ಬೆಳಕಿಗೆ ನಂಬರ್ ಪ್ಲೇಟು ಬೆಳ್ಳಗಾಗಿ, ಹತ್ತು ಅಡಿ ದೂರದ್ದೂ ಓದಲು ಬರುವುದಿಲ್ಲ. ಒಳಗೆ ಲಿಥಿಯಂ ಬ್ಯಾಟರಿಯ ಬದಲು ವಿದ್ಯುತ್ತನ್ನು ಸ್ವಲ್ಪ ಹೊತ್ತು ಹಿಡಿದಿಡುವ, ಬಿಸಿಯನ್ನು ಹೆಚ್ಚು ತಾಳುವ ಸೂಪರ್ ಕೆಪಾಸಿಟರ್ ಇರುವುದು ಮಾತ್ರ ನಮ್ಮ ಹವೆಗೆ ಒಗ್ಗುವ ಒಳ್ಳೆಯ ಆಯ್ಕೆ: ಏಪ್ರಿಲ್‌ನಲ್ಲಿ ರಾಯಚೂರಿನ ಬಿಸಿಲಿನಲ್ಲಿ ಎರಡು ದಿನ ಕಾರು ನಿಂತಿದ್ದರೂ ಏನೂ ಆಗಲಿಲ್ಲ. ಜೊತೆಗೆ ಕೊಟ್ಟ ಕಾರ್ಡು ಏಳನೆಯ ತಿಂಗಳಿಗೆ ಕೈಕೊಟ್ಟಿತು. ನಿರಂತರ ಮುದ್ರಣಕ್ಕೆಂದೇ ತಯಾರಾಗುವ ಹೈ ಎಂಡ್ಯೂರೆನ್ಸ್ ಕಾರ್ಡನ್ನು ಮೊದಲ ದಿನವೇ ಬೇರೆಯಾಗಿ ಕೊಳ್ಳುವುದು ಲೇಸು.

ಅಪಘಾತವಾದರೆ ತುಣುಕನ್ನು ಕತ್ತರಿಸಬೇಡಿ, ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ ಪ್ರತಿಯನ್ನೇ ನೆಚ್ಚಬೇಡಿ, ಕಾರ್ಡನ್ನೇ ಹೊರತೆಗೆದು ಹಾಗೆಯೇ ಇಟ್ಟುಕೊಳ್ಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ವಿದ್ಯುನ್ಮಾನ ದಾಖಲೆಯ ಪ್ರತಿಯೊಂದಿಗೆ ಪ್ರಮಾಣಪತ್ರ ಸಲ್ಲಿಸಬೇಕು, ಅದರಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ, ಅಂದರೆ ಕಡತದಿಂದ ಲೆಕ್ಕಹಾಕಿ ಪಡೆದ, ಅದರ ಬೆರಳಚ್ಚಿನಂತಿರುವ ಸಂಕೇತವನ್ನೂ ನಮೂದಿಸಬೇಕು. ಒಂದು ಸೆಕೆಂಡು ಕತ್ತರಿಸಿದರೂ ಆ ಮೌಲ್ಯ ಬದಲಾಗುತ್ತದೆ.

ಕುಂದುಗಳೆಲ್ಲವನ್ನೂ ಲೆಕ್ಕಕ್ಕೆ ಹಿಡಿದರೂ ಕೊಟ್ಟ ಬೆಲೆಗೆ ಇದು ಯೋಗ್ಯವಾದ ವಸ್ತುವೆಂದೇ ನನ್ನ ಅಭಿಪ್ರಾಯ. ಮತ್ತೆ ಕೊಳ್ಳುವುದಾದರೆ ಎರಡು ಸಾವಿರ ಹೆಚ್ಚಾದರೂ ಜಿಪಿಎಸ್ ಇರುವುದನ್ನೇ ಕೊಳ್ಳುತ್ತೇನೆ. ಸದ್ಯಕ್ಕೆ ಪ್ರತಿ ತಿಂಗಳ ಮೊದಲ ದಿನ ಗಡಿಯಾರ ಸರಿಯಿದೆಯೇ ನೋಡುತ್ತೇನೆ. ಏರಿನಲ್ಲಿ ಲಾರಿಯ ಹಿಂದೆ ನಿಲ್ಲಬೇಕಾದಾಗ ಒಂದು ಕಾರಿನಷ್ಟು ಜಾಗ ಬಿಡುತ್ತೇನೆ.