ನಾಲ್ಕೂ ಬಿ ಫ್ಲಾಟೋ, ಮೂರಕ್ಕೊಂದು ಬಾಸೋ?

ಕೋರಸ್ ಹಾಡನ್ನು ನಾಲ್ಕು ಕ್ಲಾರಿನೆಟ್ಟಿಗೆ ಹೊಂದಿಸುವಾಗ ಯಾವ ನಾಲ್ಕು ಎಂಬುದೇ ಪ್ರಶ್ನೆ. ಹಾಸನದಲ್ಲಿ ಬಿ ಫ್ಲಾಟ್ ಕ್ಲಾರಿನೆಟ್ಟಿಗೆ, ಅಂದರೆ ಸಾಮಾನ್ಯ ಕ್ಲಾರಿನೆಟ್ಟಿಗೆ, ಬರವಿಲ್ಲ. ಮದುವೆ ಸೀಸನ್ ಮುಗಿದ ಮೇಲೆ ಬ್ಯಾಂಡ್‌ಸೆಟ್‌ನಿಂದ ನೋಟೇಶನ್ ಓದಬಲ್ಲ ನಾಲ್ವರನ್ನು ಕೂಡಿಸಬಹುದು. ಸಿಗದಿರುವುದು ಅದಕ್ಕಿಂತ ಒಂದು ಸ್ಥಾಯಿ ಕೆಳಗೆ ನುಡಿಯುವ ಬಾಸ್ ಕ್ಲಾರಿನೆಟ್. ಆದರೂ ಕೋರಸ್ ಹಾಡು, ಲೈಟ್ ಆಪೆರಾ (ಹಗುರ ಹಾಸ್ಯದ ಗೀತನಾಟಕ) ಹೊಂದಿಸಿ ಬರೆದುಕೊಳ್ಳಲು ನನ್ನ ವೋಟು ಮೂರು ಬಿ ಫ್ಲಾಟ್, ಒಂದು ಬಾಸ್‌ಗೇ. ಸೆಕೆಂಡ್‌ಹ್ಯಾಂಡ್ ಪ್ಲಾಸ್ಟಿಕ್ ಬಾಸ್‌ಗೆ ಸುರಿದ ದುಡ್ಡು ದಂಡವಾಗಿಲ್ಲ.

ಎಲ್ಲ ತಕರಾರೂ ತಳಸ್ವರದ್ದು. ಮಧ್ಯ ಸಿ ಎಂದರೆ ಸಿ4 ಎಂದಿಟ್ಟುಕೊಳ್ಳಿ; ಅಂಕಿ ಸ್ಥಾಯಿಯದು, ಚಿಕ್ಕದಾದಷ್ಟೂ ಕೆಳಗೆ. ಕೋರಸ್‌ನಲ್ಲಿ ಮೇಲಿನಿಂದ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂದು ನಾಲ್ಕು ದನಿ. ಕೋರಸ್‌ನ ಬಾಸ್ ದನಿ ಇ2ವರೆಗೂ ಇಳಿಯುತ್ತದೆ. ಬಿ ಫ್ಲಾಟ್ ಕ್ಲಾರಿನೆಟ್ ಡಿ3ಕ್ಕೇ ಮುಗಿಯುತ್ತದೆ. ಆದ್ದರಿಂದ ನಾಲ್ಕೂ ಬಿ ಫ್ಲಾಟ್ ಆದರೆ ಬಾಸ್ ಸಾಲನ್ನು ಒಂದು ಸ್ಥಾಯಿ ಎತ್ತಲೇಬೇಕು. ಕೊನೆಯ ಕಾರ್ಡ್ ಜಿ2, ಡಿ3, ಬಿ3, ಜಿ4 ಎಂದುಕೊಳ್ಳಿ. ಜಿ2ವನ್ನು ಜಿ3 ಮಾಡಿದ ಕೂಡಲೇ ಟೆನರ್‌ನ ಡಿ3 ಎಲ್ಲಕ್ಕೂ ಕೆಳಗಾಗುತ್ತದೆ. ಹಾಡು ಮುಗಿಯಬೇಕಾದ ಜಾಗದಲ್ಲಿ ಸೆಕೆಂಡ್ ಇನ್ವರ್ಷನ್ (ಮೂಲಸ್ವರದ ಬದಲು ಅದರ ಐದನೆಯದು ತಳದಲ್ಲಿರುವ ಕಾರ್ಡ್) ನೇತಾಡುತ್ತದೆ.

ಟೆನರನ್ನೂ ಡಿ4ಕ್ಕೆ ಎತ್ತಿದರೆ ಅದು ಆಲ್ಟೊ ತಲೆ ಮೇಲೆ ಹತ್ತಿ ಕೂರುತ್ತದೆ. ಸರಿ, ಟೆನರ್ ಸಾಲು ಎರಡನೇ ಕ್ಲಾರಿನೆಟ್ಟಿಗೆ, ಆಲ್ಟೊ ಮೂರನೆಯದಕ್ಕೆ ಎಂದು ಬದಲಿಸಿದರೆ, ಮೂಲದಲ್ಲಿ ಇಬ್ಬರೂ ಜೊತೆಜೊತೆಗೆ ಫೋರ್ತ್ ಅಂತರದಲ್ಲಿ ನಡೆದದ್ದೆಲ್ಲ ಈಗ ಫಿಫ್ತ್ ಆಗಿ ಕಿವಿಗೆ ಒರಟಾಗುತ್ತದೆ. ಶ್ರುತಿಯನ್ನೇ ಏರಿಸೋಣವೆಂದರೆ ಇ2 ಡಿ3 ಮುಟ್ಟಲು ಮೈನರ್ ಸೆವೆಂತ್ (ಹತ್ತು ಅರೆಸ್ವರ) ಬೇಕು. ಸೊಪ್ರಾನೊದ ಜಿ5 ಆಗ ಎಫ್6. ಅಷ್ಟು ಮೇಲೆ ಮೆಲ್ಲಗೆ ನುಡಿಸುವವರು ಯಾರಿದ್ದಾರೆ? ಒಂದೊಂದೇ ಬಾರ್ ತಿದ್ದುತ್ತ ಕೂರುವುದೇ ಗತಿ. 1885ರ ಲೈಟ್ ಆಪೆರಾ 'ದಿ ಮಿಕಾಡೊ'ದ ಮ್ಯಾಡ್ರಿಗಲ್‌ನಲ್ಲಿ (ಹಲವು ದನಿ ಹೆಣೆದ ಹಾಡು) ಪಿಶ್-ಟಶ್ ಪಾತ್ರಧಾರಿಗೇ ಕೆಳಸ್ವರ ಎಟುಕದೆ, ಗೋ-ಟೋ ಎಂಬ ಹೊಸ ಪಾತ್ರ ಹುಟ್ಟಿಸಿ ಆ ಸಾಲು ಒಪ್ಪಿಸಿದ್ದರು. ನಮ್ಮ ಗೋ-ಟೋ ಬಾಸ್ ಕ್ಲಾರಿನೆಟ್.

ಹಾಳೆಯಲ್ಲಿ ಬರೆದ ಲೋ ಇ ಫ್ಲಾಟ್‌ವರೆಗೆ ಇಳಿಯುವ ಬಾಸ್ ಮಾಡೆಲ್ ಸಾಕು, ಕಿವಿಗೆ ಅದು ಡಿ ಫ್ಲಾಟ್2 ಆಗಿ ಕೇಳಿಸುತ್ತದೆ. ಲೋ ಸಿ ಮಾಡೆಲ್‌ನ ಹೆಚ್ಚುವರಿ ಕೀಗಳಿಗೆ ಈ ಸಂಗೀತದಲ್ಲಿ ಕೆಲಸವಿಲ್ಲ. ಟ್ರೆಬಲ್ ಕ್ಲೆಫ್‌ನಲ್ಲಿ (ಮೇಲಿನ ಸ್ವರಗಳ ಗುರುತು), ಕೇಳುವ ಸ್ವರಕ್ಕಿಂತ ಮೇಜರ್ ನೈಂತ್ (ಒಂದು ಸ್ಥಾಯಿ, ಮೇಲೊಂದು ಪೂರ್ಣ ಸ್ವರ) ಮೇಲೆ ಬರೆಯಬೇಕು. ಪದಗಳನ್ನು ಪಟಪಟ ಉದುರಿಸುವ ಪ್ಯಾಟರ್ ಹಾಡುಗಳ ಮೊದಲ ಬೀಟ್ ಬಾಸ್‌ಗೆ ಕೊಟ್ಟು ಉಳಿದ ಬೀಟ್ ಎರಡು, ಮೂರನೆಯವರಿಗೆ ಹಂಚಿದರೆ ಆರ್ಕೆಸ್ಟ್ರಾದ ಕುಣಿತ ಬರುತ್ತದೆ. ನಾಲ್ಕೂ ಬಿ ಫ್ಲಾಟ್‌ನಲ್ಲಿ ಅದು ಸಪ್ಪೆ.

ಅಕ್ಷರಕ್ಕೊಂದರಂತೆ ಮರುಕಳಿಸುವ ಸ್ವರಗಳನ್ನು ಪ್ಯಾಟರ್‌ನಲ್ಲಿ ಹಾಗೇ ಬಿಡಿ, ನಿಧಾನದ ಹಾಡಿನಲ್ಲಿ ಟೈ ಹಾಕಿ (ಗೆರೆ ಎಳೆದು ಒಂದೇ ಉದ್ದ ಸ್ವರವಾಗಿಸಿ).

ರೀಡ್ (ಊದುವ ತುದಿಗೆ ಕಟ್ಟುವ ತೆಳು ಪಟ್ಟಿ) ಮಾತ್ರ ತಲೆನೋವು. ಬಾಸ್ ರೀಡ್ ತರಿಸಿಕೊಳ್ಳುವವರೆಗೆ ಟೆನರ್ ಸ್ಯಾಕ್ಸೊಫೋನ್ ರೀಡ್ ಕಟ್ಟಬಹುದು, ನಡೆಯುತ್ತದೆ. ಚಿಕ್ಕಮಗಳೂರಿನ ಮಳೆಗಾಲಕ್ಕೆ ಸಿಂಥೆಟಿಕ್ ಮೇಲು.

ಹೆಣ್ಣುದನಿಗಳ ಮೂರು ಭಾಗದ ಹಾಡಷ್ಟೇ ಬೇಕಿದ್ದರೆ ನಾಲ್ಕು ಬಿ ಫ್ಲಾಟ್ ಧಾರಾಳ.

ಬಾಸ್ ಕೊಳ್ಳಲು ಆಗದವರು ಬ್ಯಾಂಡ್‌ಸೆಟ್‌ನ ಯುಫೋನಿಯಂ (ತಗ್ಗು ದನಿಯ ಹಿತ್ತಾಳೆ ವಾದ್ಯ) ಕರೆಸಿ. ಟ್ರೆಬಲ್ ಕ್ಲೆಫ್‌ನ ಯುಫೋನಿಯಂ ಕೂಡ ಮೇಜರ್ ನೈಂತ್ ಕೆಳಗೇ ಕೇಳುವುದರಿಂದ ಅದೇ ಹಾಳೆ ಓದುತ್ತದೆ. ಮೂರು ವಾಲ್ವ್‌ನದು ಸರಿಯಾಗಿ ಇ2ಕ್ಕೆ ನಿಲ್ಲುತ್ತದೆ. ದನಿ ದೊಡ್ಡದು, ಹಾಗಾಗಿ ಕ್ಲಾರಿನೆಟ್ಟಿಗೆ ಮೆಝೊ ಫೋರ್ಟೆ (ಸಾಧಾರಣ ಜೋರು) ಇದ್ದಲ್ಲಿ ಅದಕ್ಕೆ ಪಿಯಾನೊ (ಮೆಲ್ಲಗೆ) ಎಂದೇ ಬರೆಯಿರಿ.